ತೊಗರಿಗೆ ಎಣ್ಣಿ ಹೊಡೆಯುವ ಮುಂಚೆ ಹುಳದ ನರ ತಿಳಿಯಿರಿ

ದೀಪಾವಳಿ ಹೊತ್ತಿಗೆ ಸಿಂದಗಿ, ಬಸವನಬಾಗೇವಾಡಿ ಸೀಮೆಯ ತೊಗರಿ ಹೂವಿಗೆ ಬರುತ್ತದೆ. ಎರಡು ದಿನ ಮೋಡ ಮುಸುಕಿದರೆ ಕಾಯಿಕೊರಕದ ಚಿಂತೆ ಶುರು. ಮೂರು ಹೆಸರಿನ ಎಣ್ಣಿ (ಕೀಟನಾಶಕ) ಹೊಡೆದರೂ ಹುಳ ಬಗ್ಗದಿದ್ದರೆ ಡಬ್ಬಿಗಳನ್ನು ತಿರುಗಿಸಿ ನೋಡಿ. ಹೆಸರು ಮೂರಾದರೂ ಒಳಗಿನ ಔಷಧ ಒಂದೇ ಗುಂಪಿನದಿರಬಹುದು, ಅಂದರೆ ಹುಳದ ದೇಹದಲ್ಲಿ ಒಂದೇ ರೀತಿ ಕೆಲಸ ಮಾಡುವಂಥದ್ದು. ಪ್ರತಿ ಗುಂಪಿಗೂ ಒಂದು ಸಂಖ್ಯೆ ಇದೆ.

ಹುಳದ ನರದಲ್ಲಿ ಕಾಲುವೆಗೆ ಇರುವಂಥ ಗೇಟುಗಳಿವೆ. ಸೋಡಿಯಂ ಗೇಟು ತೆರೆದರೆ ಸಂದೇಶ ಓಡುತ್ತದೆ, ಕ್ಲೋರೈಡ್ ಗೇಟು ತೆರೆದರೆ ನಿಲ್ಲುತ್ತದೆ. ಪಕ್ಕದ ನರ ಸುರಿಸಿದ ರಾಸಾಯನಿಕ ಬಂದು ಕೂತಾಗ ತೆರೆಯುವ ಗೇಟಿಗೆ ಗ್ರಾಹಕ ಎನ್ನುತ್ತಾರೆ. ಲ್ಯಾಂಬ್ಡಾ ಸೈಹಲೋಥ್ರಿನ್ (ಗುಂಪು 3) ಸೋಡಿಯಂ ಗೇಟು ಮುಚ್ಚಲು ಬಿಡುವುದಿಲ್ಲ, ಹುಳ ಒದ್ದಾಡುತ್ತದೆ. ಇಂಡಾಕ್ಸಾಕಾರ್ಬ್ (22) ಅದೇ ಗೇಟನ್ನು ಬಂದ್ ಮಾಡುತ್ತದೆ. ಎಮಾಮೆಕ್ಟಿನ್ (6) ಕ್ಲೋರೈಡ್ ಗೇಟು ತೆರೆದೇ ಇಡುತ್ತದೆ, ಹುಳ ಸಡಿಲವಾಗಿ ಬೀಳುತ್ತದೆ. ಕ್ಲೋರಾಂಟ್ರಾನಿಲಿಪ್ರೋಲ್ (28) ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಗೇಟು ಹಿಡಿಯುತ್ತದೆ, ಬಾಯಿ ಆಡುವುದು ನಿಲ್ಲುತ್ತದೆ.

ಮೊದಲ ಕೆಲಸ, ಈ ಹುಳದ ತತ್ತಿ ಇಡುವ ಪತಂಗದ ಸುಳಿವು ಹಿಡಿಯುವುದು. ಹೆಣ್ಣಿನ ವಾಸನೆ ಗುರುತಿಸುವ ಗ್ರಾಹಕ ಗಂಡಿನ ಮೀಸೆಯಲ್ಲಿದೆ. ಮೋಹಕ ಬಲೆ ನಡೆಯುವುದು ಅದರ ಮೇಲೆ. ಎಕರೆಗೆ 2 ಬಲೆ, ಗಿಡದ ತುದಿಗಿಂತ ಒಂದು ಅಡಿ ಮೇಲೆ. ಬಲೆಯೊಳಗಿನ ವಾಸನೆಯ ಗುಳಿಗೆಯನ್ನು (ಲ್ಯೂರ್) 3–4 ವಾರಕ್ಕೊಮ್ಮೆ ಬದಲಿಸಿ, ಎಣ್ಣಿ ಮುಟ್ಟಿದ ಕೈಯಿಂದ ಹಿಡಿಯಬೇಡಿ. ಪತಂಗ ಬೀಳತೊಡಗಿದರೆ ಗಿಡ ನೋಡಿ: ಗಿಡಕ್ಕೆ 2 ತತ್ತಿ ಅಥವಾ 1 ಮರಿಹುಳ ಕಂಡಾಗಲೇ ಸಿಂಪರಣೆ. ಹುಳ ಬಲಿತು ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಯಾವ ಔಷಧವೂ ಸರಿಯಾಗಿ ತಾಗದು.

ಎಕರೆಗೆ 200 ಲೀಟರ್ ನೀರು, ಅಂದರೆ 16 ಲೀಟರಿನ ಹನ್ನೆರಡೂವರೆ ಪಂಪು. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಕರೆಗೆ 60 ಮಿ.ಲೀ., ಪಂಪಿಗೆ ಸುಮಾರು 5 ಮಿ.ಲೀ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಎಕರೆಗೆ 88 ಗ್ರಾಂ, ಪಂಪಿಗೆ 7 ಗ್ರಾಂ. ಅಳತೆಗೆ ಬಾಟಲಿಯ ಮುಚ್ಚಳ ನಂಬಬೇಡಿ, ಸಿರಿಂಜ್ ಇಟ್ಟುಕೊಳ್ಳಿ.

ಎರಡನೇ ಸಿಂಪರಣೆಗೆ ಗುಂಪು ಬದಲಾಗಲೇಬೇಕು. ಗೇಟಿನ ಆಕಾರ ತುಸು ಬದಲಾದ ಹುಳದಲ್ಲಿ ಔಷಧ ಕೂರುವುದಿಲ್ಲ. ಆ ಹುಳ ಉಳಿದು, ಮುಂದಿನ ಪೀಳಿಗೆಯಲ್ಲಿ ಅದರ ಮರಿಗಳೇ ತುಂಬುತ್ತವೆ. ಪ್ರಮಾಣ ದುಪ್ಪಟ್ಟು ಮಾಡಿದರೆ ದುರ್ಬಲ ಹುಳ ಸತ್ತು ಗಟ್ಟಿ ಹುಳ ಉಳಿಯುತ್ತದೆ, ಅಷ್ಟೇ. ಜೋಡಿ ಔಷಧಗಳಲ್ಲಿ ಎಚ್ಚರ ಬೇಕು. ಕ್ಲೋರಾಂಟ್ರಾನಿಲಿಪ್ರೋಲ್, ಲ್ಯಾಂಬ್ಡಾ ಕೂಡಿದ ಡಬ್ಬಿ ಹೊಡೆದಿದ್ದರೆ 28, 3 ಎರಡೂ ಬಳಸಿದಂತೆ.

ಮರುದಿನ ಬೆಳಿಗ್ಗೆ ಹುಳ ಗಿಡದ ಮೇಲಿದ್ದರೆ ಗಾಬರಿಯಾಗಿ ಮತ್ತೆ ಹೊಡೆಯುವವರಿದ್ದಾರೆ. ದುಡ್ಡು ಹಾಳು. 28 ಮತ್ತು 6ನೇ ಗುಂಪಿನ ಔಷಧ ಹೊಡೆದರೆ ಹುಳ ಕೆಲವೇ ತಾಸಿನಲ್ಲಿ ತಿನ್ನುವುದು ಬಿಡುತ್ತದೆ, ಸಾಯಲು 2–4 ದಿನ ಬೇಕು. ಹೊಸ ಹಿಕ್ಕೆ ಬಿದ್ದಿದೆಯೇ ಎಂದು ನೋಡಿ.

ಸಿಂಪರಣೆ ಸಂಜೆಗೇ ಇರಲಿ. ಎಮಾಮೆಕ್ಟಿನ್ ಬಿಸಿಲಿಗೆ ಬೇಗ ಒಡೆಯುತ್ತದೆ. ಜೇನುನೊಣದ ನರದಲ್ಲೂ ಇಂಥವೇ ಗೇಟುಗಳಿವೆ, ಹಗಲು ಹೂವಿನ ಮೇಲೆ ಅವು ಇರುತ್ತವೆ.

28ನೇ ಗುಂಪನ್ನು ಮೊದಲಿಗೇ ಮುಗಿಸಿ. ಅದಕ್ಕೂ ಕೊಯ್ಲಿಗೂ 29 ದಿನ, ಎಮಾಮೆಕ್ಟಿನ್‌ಗೆ 14 ದಿನ ಅಂತರ ಬೇಕು. ಎಳ್ಳಮಾವಾಸ್ಯೆಗೆ ಹಸಿ ಕಾಯಿ ಕುದಿಸಿ ತಿನ್ನುವ ಹೊಲವಾದರೆ ಆ ದಿನದಿಂದ ಹಿಂದಕ್ಕೆ ಎಣಿಸಿ.