ಎಸ್‌ಜಿಪಿಟಿ 78 ಬಂದಾಗ ನಾನು ಮಾಡಿದ್ದು

ಲಿವರ್ ಪರೀಕ್ಷೆಯ (ಎಲ್‌ಎಫ್‌ಟಿ) ಲ್ಯಾಬ್ ವರದಿ ವಾಟ್ಸ್‌ಆ್ಯಪ್‌ಗೆ ಬರುವುದು ಶನಿವಾರ ರಾತ್ರಿ, ಡಾಕ್ಟರು ಸಿಗುವುದು ಸೋಮವಾರ. ಹೆದರಿಕೆ ಬಲಿಯುವುದು ಈ ನಡುವೆಯೇ. ಮೊಬೈಲ್ ಬದಿಗಿಟ್ಟು ಅಂಕಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡೆ. ಮಿತಿ ದಾಟಿದ ಅಂಕಿಗೆ ಲ್ಯಾಬಿನವರು ಹಾಕುವ ದಪ್ಪಕ್ಷರದ ಗುರುತನ್ನು ಮಾತ್ರ ಇಳಿಸಲಿಲ್ಲ. ನಾರ್ಮಲ್ ಮಿತಿಯನ್ನು ಕಟ್ಟುವ ರೀತಿಯೇ ಹಾಗೆ: ನೂರು ಆರೋಗ್ಯವಂತರಲ್ಲಿ ಸುಮಾರು ಐವರು ಅದರ ಹೊರಗೆ ಬೀಳುತ್ತಾರೆ.

ಹಾಳೆಯಲ್ಲಿ ಎರಡು ಗುಂಪು. ಎಸ್‌ಜಿಪಿಟಿ, ಎಸ್‌ಜಿಒಟಿ, ಎಎಲ್‌ಪಿ, ಜಿಜಿಟಿ ಎಂಬ ಕಿಣ್ವಗಳು ಒಂದು ಕಡೆ. ಲಿವರ್ ಕೋಶಕ್ಕೋ ಪಿತ್ತನಾಳಕ್ಕೋ ಪೆಟ್ಟು ಬಿದ್ದಿರಬಹುದು ಎನ್ನುವವು ಇವು. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇನ್ನೊಂದು ಕಡೆ ನೋಡಬೇಕು: ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನು), ಬಿಲಿರುಬಿನ್ (ಕಾಮಾಲೆಯ ಹಳದಿ), ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಹೇಳುವ ಪಿಟಿ-ಐಎನ್‌ಆರ್. ನನ್ನ ಎಸ್‌ಜಿಪಿಟಿ 78, ಎಸ್‌ಜಿಒಟಿ 52. ಎರಡನೆಯ ಗುಂಪು ಪೂರ್ತಿ ಮಿತಿಯೊಳಗೆ. ಮಿತಿ 40 ಆದರೆ 78 ಎಂದರೆ ಹತ್ತಿರ ಹತ್ತಿರ ಎರಡು ಪಟ್ಟು. ವೈರಸ್ಸಿನ ಕಾಮಾಲೆ ಜೋರಾದಾಗ ಇದೇ ಅಂಕಿ ಸಾವಿರ ದಾಟುವುದುಂಟು.

ಹಾಗಂತ ಎಸ್‌ಜಿಪಿಟಿ ಕಡಿಮೆ ಇದ್ದ ಮಾತ್ರಕ್ಕೆ ಲಿವರ್ ಕಲೆಗಟ್ಟಿ (ಫೈಬ್ರೋಸಿಸ್) ಗಟ್ಟಿಯಾಗಿಲ್ಲ ಎನ್ನಲಾಗದು. ಅದನ್ನು ಅಂದಾಜಿಸಲು ಫಿಬ್-4 ಎಂಬ ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ; ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 44 ವಯಸ್ಸು, ಪ್ಲೇಟ್‌ಲೆಟ್ 2.4 ಲಕ್ಷ: 2288 ಭಾಗಿಸು 2120, ಅಂದರೆ 1.08. 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ತಜ್ಞರ ಬಳಿ ಹೋಗಬೇಕು. ಎಡವುವುದು ಪ್ಲೇಟ್‌ಲೆಟ್‌ನಲ್ಲಿ. ನಮ್ಮ ವರದಿಗಳು ಲಕ್ಷದಲ್ಲಿ ಕೊಡುತ್ತವೆ, ಸೂತ್ರಕ್ಕೆ ಬೇಕಾದದ್ದು ಸಾವಿರದಲ್ಲಿ. 240 ಎಂದು ಹಾಕಬೇಕು. 2.4 ಹಾಕಿದರೆ ಉತ್ತರ 108 ಬಂದು ಎದೆ ಧಸಕ್ಕೆನ್ನುತ್ತದೆ. 35ರೊಳಗಿನವರಿಗೆ ಈ ಲೆಕ್ಕ ಅಷ್ಟು ನೆಚ್ಚುವಂಥದ್ದಲ್ಲ. 65 ದಾಟಿದವರಿಗೆ ಕೆಳಗಿನ ಗೆರೆ 1.3 ಅಲ್ಲ, 2.0.

ಹಾಳೆಯ ಹಿಂಬದಿಗೆ ಹಿಂದಿನ ಒಂದು ತಿಂಗಳಲ್ಲಿ ಹೊಟ್ಟೆಗೆ ಹೋದದ್ದೆಲ್ಲ. ಜ್ವರದ ಪ್ಯಾರಾಸಿಟಮಾಲ್, ಜಿಮ್ಮಿನ ಪುಡಿ, ಮದ್ಯ, ಮತ್ತು ಯಾರೂ ಔಷಧಿಯೆಂದೇ ಲೆಕ್ಕಕ್ಕಿಡದ ಕಷಾಯ, ಚೂರ್ಣ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ಮುಂಬಯಿ ವೈದ್ಯರು ವರದಿ ಮಾಡಿದ್ದಾರೆ. ಅಶ್ವಗಂಧದ ಮೇಲೂ ಇಂಥ ವರದಿಗಳಿವೆ. ಖಾಲಿ ಶೀಟು, ಡಬ್ಬಿ ಎಲ್ಲ ಒಂದು ಕೈಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿದರೆ ಹೆಸರು ನೆನಪಿಸಿಕೊಳ್ಳುವ ಪಾಡಿಲ್ಲ. ಕ್ಷಯದ ಮಾತ್ರೆಯಾಗಲಿ ಕೊಲೆಸ್ಟರಾಲ್ ಮಾತ್ರೆಯಾಗಲಿ, ನಾವೇ ನಿಲ್ಲಿಸಕೂಡದು. ಎಲ್‌ಎಫ್‌ಟಿ ಕೆಟ್ಟಿದೆ ಎಂದು ನೆಂಟರ ಕಿವಿಗೆ ಬಿದ್ದರೆ ನೆಲನೆಲ್ಲಿ ರಸವೂ ಒಗ್ಗರಣೆ ಬಿಡುವ ಪಥ್ಯವೂ ಒಟ್ಟಿಗೇ ಬರುತ್ತವೆ. ಮರುಪರೀಕ್ಷೆ ಮುಗಿಯುವ ತನಕ ಹೊಸದಾಗಿ ಯಾವುದನ್ನೂ ಬಾಯಿಗೆ ಹಾಕದಿರುವುದೇ ಸರಿ, ಇಲ್ಲದಿದ್ದರೆ ಅಂಕಿ ಏರಿದ್ದು ಯಾತರಿಂದ ಎಂದೇ ತಿಳಿಯುವುದಿಲ್ಲ.

ಕನ್ನಡಿ ಮುಂದೆ ಕಣ್ಣು ಹಿಗ್ಗಿಸಿ ಹಿಗ್ಗಿಸಿ ನೋಡುವ ಚಟಕ್ಕೆ ಕಡಿವಾಣ ಬೇಕು. ಬಿಲಿರುಬಿನ್ ಸುಮಾರು 2.5ರಿಂದ 3 ಮುಟ್ಟುವ ತನಕ ಹಳದಿ ಕಣ್ಣಿಗೆ ಬೀಳುವುದೇ ಕಷ್ಟ, ಬಾತ್‌ರೂಮಿನ ಹಳದಿ ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಹಳದಿಯೇ. ದಿನಕ್ಕೊಮ್ಮೆ, ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ, ಅಷ್ಟೇ. ಬಿ-ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಕಣ್ಣು ಕುಕ್ಕುವ ಹಳದಿಯಾಗುವುದು ಸಹಜ. ಹೆದರಬೇಕಾದದ್ದು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗ. ಅದರ ಜೊತೆ ಬೆಳ್ಳಗಾದ ಮಲ, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಮಂಕು ಕವಿದ ಮಾತು, ಏರಿದ ಐಎನ್‌ಆರ್ — ಇವುಗಳಲ್ಲಿ ಒಂದು ಕಂಡರೂ ಹಾಳೆ ಮಡಚಿಟ್ಟು ಅದೇ ದಿನ ಆಸ್ಪತ್ರೆ.

ಮಿಕ್ಕ ಚಿಂತೆಗೆ ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷ. ನಡುವೆ ತಲೆಗೆ ಬಂದ ಪ್ರಶ್ನೆಯನ್ನು ಚೀಟಿಯಲ್ಲಿ ಗೀಚಿ ಮುಂದಕ್ಕೆ ಹಾಕುವುದು, ಆ ಹೊತ್ತಿಗೆ ತೆಗೆದು ಓದುವುದು. ಅರ್ಧಕ್ಕರ್ಧ ಪ್ರಶ್ನೆಗಳು ಒಂದೇ ಆಗಿರುತ್ತವೆ. ಉಳಿದ ಮೂರು-ನಾಲ್ಕು ಡಾಕ್ಟರಿಗೆ: ಹೆಪಟೈಟಿಸ್ ಬಿ, ಸಿ ಪರೀಕ್ಷೆ ಬೇಕೇ? ಅಲ್ಟ್ರಾಸೌಂಡ್? ಸಕ್ಕರೆ, ಕೊಬ್ಬಿನಂಶ? ಮರುಪರೀಕ್ಷೆ ಯಾವ ತಾರೀಖು? ಕೊನೆಯ ಪ್ರಶ್ನೆಗೆ ಉತ್ತರ ಇಸಿದುಕೊಳ್ಳದೆ ಎದ್ದು ಬರಬಾರದು.

ವಾರಕ್ಕೊಂದು ಸಲ ರಕ್ತ ಕೊಟ್ಟರೆ ಚಿಂತೆ ದುಪ್ಪಟ್ಟಾಗುತ್ತದೆ. 78, 71, 80 ಎಂಬ ಓಲಾಟಕ್ಕೆ ಅರ್ಥವೇ ಇಲ್ಲ. ಮರುಪರೀಕ್ಷೆಗೆ ಅದೇ ಲ್ಯಾಬು, ಅದೇ ಬೆಳಗಿನ ಹೊತ್ತು. ಮುಂಚಿನ ಒಂದು ವಾರ ಭಾರ ಎತ್ತುವ ಕಸರತ್ತು ಬೇಡ, ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಮಾಂಸಖಂಡದಲ್ಲೂ ಇವೆ. ಎಸ್‌ಜಿಒಟಿ ಒಂದೇ ಏರಿದ್ದರೆ ಸಿಪಿಕೆ (ಮಾಂಸಖಂಡದ ಕಿಣ್ವದ ಪರೀಕ್ಷೆ) ಮಾಡಿಸಬೇಕೇ ಎಂದು ಕೇಳಬಹುದು. ಮದ್ಯ ನಿಲ್ಲಿಸಿ ನಾಲ್ಕು ವಾರವಾದರೂ ಆಗಿರಲಿ, ಜಿಜಿಟಿ ಇಳಿಯಲು ಅಷ್ಟು ಸಮಯ ಬೇಕು. ದಿನವೂ ಕುಡಿಯುವವರು ಮಾತ್ರ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಕೊಬ್ಬಿನ ಲಿವರ್ ಎಂದಾದರೆ ಗುರಿ, ಇರುವ ತೂಕದಲ್ಲಿ 7ರಿಂದ 10 ಶೇಕಡ ಇಳಿಸುವುದು: 80 ಕಿಲೋ ಇದ್ದವರು 72-74ಕ್ಕೆ, ಆರು ತಿಂಗಳಲ್ಲಿ. ಹಾಳೆಯ ಕೆಳಗೆ ಮರುಪರೀಕ್ಷೆಯ ತಾರೀಖು, ಅದರ ಪಕ್ಕ ಇವತ್ತಿನ ತೂಕ.