ಆರನೇ ದಿನದ ಲೆಕ್ಕ ಫೆಬ್ರವರಿಯಲ್ಲೇ ಶುರು ಮಾಡಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಹೋದರೆ ನಮ್ಮದೊಂದು ಸರಕಾರಿ ಕನ್ನಡ ಎಲ್‌ಪಿ ಶಾಲೆ, ಅಂದರೆ ಒಂದರಿಂದ ನಾಲ್ಕನೇ ತರಗತಿವರೆಗಿನದ್ದು. ನಾನು ಮನೆಯಲ್ಲಿ ಹೊಲಿಗೆ ಮಾಡುವವಳು, ಶಾಲೆಯಲ್ಲಿ ಎಸ್‌ಎಂಸಿ (ಶಾಲಾ ನಿರ್ವಹಣಾ ಸಮಿತಿ) ಅಧ್ಯಕ್ಷೆ. ಶಾಲೆಯ ಲೆಕ್ಕವನ್ನು ಹೆತ್ತವರ ಮುಂದೆ ಇಡಬೇಕು ಎಂದು ನನಗೆ ಗೊತ್ತಾದದ್ದು ಒಂದು ಟೀಚರ್ ಹುದ್ದೆ ಕೈತಪ್ಪಿದ ಮೇಲೆ.

ಮೂರು ವರ್ಷದ ಹಿಂದೆ ಒಂದನೇ ತರಗತಿಯ ಬೆಂಚಿನಲ್ಲಿ 31 ಮಕ್ಕಳು ಕೂತಿದ್ದರು. ಲೆಕ್ಕಕ್ಕೆ ಸಿಕ್ಕಿದ್ದು 30. ಒಂದು ಹುಡುಗಿಯ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಇತ್ತು, ಹಾಗಾಗಿ ಅವಳು ಲೆಕ್ಕಕ್ಕೆ ಸೇರಲಿಲ್ಲ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬರು ಟೀಚರ್. 30 ದಾಟಿದರೆ ಮಾತ್ರ ಇನ್ನೊಂದು ಡಿವಿಷನ್ ಕೇಳಬಹುದು. ನಮಗೆ ಕೇಳಲಿಕ್ಕೆ ಆಗಲಿಲ್ಲ. ಅವಳ ಅಮ್ಮ ಶಾಲೆಯ ಜಗಲಿಯಲ್ಲಿ ಕೂತು ಅತ್ತರು. ತಪ್ಪು ಅವರದ್ದಲ್ಲ. ಆರನೇ ದಿನ ಅಂದರೆ ಏನೆಂದು ನಾವು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಗಾಗಿ ಮೊದಲು ಹೇಳಬೇಕಾದದ್ದು ಇದು. ಕೇರಳದಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೋ, ಅದರ ಮೇಲೆ ಆ ವರ್ಷದ ಟೀಚರ್ ಹುದ್ದೆಗಳು ನಿಲ್ಲುತ್ತವೆ. ಹೆಡ್‌ಮಾಷ್ಟ್ರು ‘ಸಂಪೂರ್ಣ’ ಎಂಬ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ಹಾಕುತ್ತಾರೆ, ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿನವರು ನೋಡುತ್ತಾರೆ. ಏಳನೇ ದಿನ ಬಂದ ಮಗುವಿಗೆ ಪುಸ್ತಕ ಉಂಟು, ಊಟ ಉಂಟು, ಆದರೆ ಟೀಚರ್ ಲೆಕ್ಕದಲ್ಲಿ ಜಾಗ ಇಲ್ಲ. ಇದನ್ನು ಪ್ರವೇಶೋತ್ಸವದ ದಿನ ಮೈಕಿನಲ್ಲಿ ಹೇಳಿ ಪ್ರಯೋಜನವಿಲ್ಲ. ಫೆಬ್ರವರಿಯಲ್ಲಿ ಮನೆಮನೆಗೆ ಹೋಗಿ ಹೇಳಬೇಕು.

ಒಂದು ನೋಟ್‌ಬುಕ್ ಹಿಡಿದು ಹೊರಡಿ. ಮೊದಲು ಅಂಗನವಾಡಿ ಟೀಚರ್ ಹತ್ತಿರ ಹೋಗಿ, ಜೂನ್‌ಗೆ ಒಂದನೇ ತರಗತಿಗೆ ಬರುವ ಮಕ್ಕಳ ಹೆಸರು ಬರೆದುಕೊಳ್ಳಿ. ಮಗುವಿನ ಹೆಸರು, ಮನೆ, ಆಧಾರ್ ಸರಿ ಉಂಟಾ, ಇಷ್ಟಕ್ಕೆ ಒಂದೊಂದು ಗೆರೆ. ಕಡೆಯ ಕಾಲಂ ಅಗಲವಾಗಿರಲಿ. ಅದು ಹೆತ್ತವರು ಏನು ಹೇಳಿದರು ಎಂದು ಬರೆಯಲಿಕ್ಕೆ. ಆಧಾರ್ ಮತ್ತು ಜನನ ಪ್ರಮಾಣಪತ್ರ ಎರಡನ್ನೂ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಈಗ ಈ ಕೆಲಸಕ್ಕೆ ನನ್ನ ಜೊತೆ ಬರುವವರು ಆ ಹುಡುಗಿಯ ಅಮ್ಮನೇ. ಅವರ ಕಣ್ಣಿಗೆ ಒಂದು ಇನಿಶಿಯಲ್ ತಪ್ಪಿದರೂ ಬೀಳುತ್ತದೆ.

ಆಮೇಲೆ ಹೆತ್ತವರ ಮೀಟಿಂಗ್. ಕೆಲಸದ ದಿನ ಕರೆಯಬೇಡಿ. ಉದ್ಯೋಗ ಖಾತರಿಗೆ ಹೋಗುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅಡಿಕೆ ಸುಲಿಯಲು ಹೋಗುವವರಿಗೂ ಹಾಗೇ. ನಾವು ಭಾನುವಾರ ಸಂಜೆ ನಾಲ್ಕಕ್ಕೆ ಇಡುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಸ್‌ಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು ಅದೇ ಸಮಿತಿ. ಸುಮ್ನೆ ಸಹಿ ಹಾಕಿ ಹೋಗಲಿಕ್ಕೆ ಕರೆದದ್ದಲ್ಲ ಎಂದು ಶುರುವಿನಲ್ಲೇ ಹೇಳಿ.

ಕಾಗದ ಹಂಚುವುದಕ್ಕಿಂತ ಕರಿಹಲಗೆ ಒಳ್ಳೆಯದು. ಈ ವರ್ಷ ನಾನು ಬರೆದದ್ದು ಹೀಗೆ: ಒಂದರಲ್ಲಿ 22, ಎರಡರಲ್ಲಿ 19, ಮೂರರಲ್ಲಿ 17, ನಾಲ್ಕರಲ್ಲಿ 31. ಒಟ್ಟು 89. ಎಲ್ಲರಿಗೂ ಸಮಾಧಾನ ಆಯಿತು. ಆಗ ನಾಲ್ಕನೇ ತರಗತಿಯ 31ನ್ನು ಡಸ್ಟರಿನಲ್ಲಿ ಒರೆಸಿದೆ. ಅವರು ಜೂನ್‌ನಲ್ಲಿ ಐದನೇ ತರಗತಿಗೆ ಯುಪಿ ಶಾಲೆಗೆ ಹೋಗುತ್ತಾರೆ, ಅಲ್ವಾ? ಉಳಿದದ್ದು 58. ಎರಡು ಅಂಗನವಾಡಿ ಸೇರಿಸಿ ಬರಬಹುದಾದ ಮಕ್ಕಳು 26. ಒಬ್ಬರೂ ಬಿಡದೆ ಬಂದರೂ 84. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಎದ್ದು, “ಅಕ್ಕಾ, ಆ ಇಪ್ಪತ್ತಾರರಲ್ಲಿ ಎಷ್ಟು ಜನ ವ್ಯಾನ್ ಹತ್ತುತ್ತಾರೆ?” ಎಂದು ಕೇಳಿದರು. ಬೇರೆ ಶಾಲೆಯ ವ್ಯಾನ್ ಅಂತ ಅವರ ಅರ್ಥ. ಅದೇ ಸರಿಯಾದ ಪ್ರಶ್ನೆ.

ಇದರ ಬೆನ್ನಿಗೇ ಹಣದ ಲೆಕ್ಕ ಬರೆಯಿರಿ. ಶಾಲೆಯ ವರ್ಷದ ಖರ್ಚಿಗೆ ಸಮಗ್ರ ಶಿಕ್ಷಾ ಯೋಜನೆಯಿಂದ ಬರುವ ಕಾಂಪೋಸಿಟ್ ಗ್ರಾಂಟ್ ಎಷ್ಟೆಂದು ನಿರ್ಧಾರ ಆಗುವುದೂ ಮಕ್ಕಳ ಸಂಖ್ಯೆಯ ಮೇಲೆ. ಸರಕಾರಿ ಶಾಲೆಯಲ್ಲಿ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ನಾವು 84ರಲ್ಲಿದ್ದರೆ 25,000. ಅದರಲ್ಲಿ ಕಡಿಮೆಯೆಂದರೆ ಹತ್ತನೇ ಒಂದು ಭಾಗ ಶುಚಿತ್ವಕ್ಕೆ, ಅಂದರೆ 2,500. ಉಳಿದ 22,500ರಲ್ಲಿ ವರ್ಷವಿಡೀ ಸಣ್ಣ ರಿಪೇರಿ, ಕರೆಂಟು, ಕಲಿಕೆಯ ಸಾಮಾನು. ಪೂರ್ತಿ ಹಣ ಜೂನ್‌ನಲ್ಲೇ ಬರುತ್ತದೆಂದು ಮಾತು ಕೊಡಬೇಡಿ. ನಮಗೆ ಕಂತಿನಲ್ಲಿ, ತಡವಾಗಿ ಬಂದ ವರ್ಷವೂ ಉಂಟು. ನಿಮ್ಮದು ಏಡೆಡ್ (ಖಾಸಗಿಯವರ ಅನುದಾನಿತ) ಶಾಲೆಯಾದರೆ ಲೆಕ್ಕ ಬೇರೆ. ಅಲ್ಲಿ ಸಂಬಳ ಸರಕಾರದ್ದು, ಕಟ್ಟಡ ಮ್ಯಾನೇಜರರದ್ದು.

ದೊಡ್ಡ ಕೆಲಸಕ್ಕೆ ಪಂಚಾಯತೇ ದಾರಿ. ಸರಕಾರಿ ಎಲ್‌ಪಿ ಶಾಲೆಗಳ ಉಸ್ತುವಾರಿ ಗ್ರಾಮ ಪಂಚಾಯತಿಗೆ ಬಂದು ಎಷ್ಟೋ ವರ್ಷ ಆಯಿತು. ಯೋಜನೆ ಮಾಡುವ ಹೊತ್ತಿನ ಗ್ರಾಮಸಭೆಗೆ ಹತ್ತು ಹೆಂಗಸರಾದರೂ ಒಟ್ಟಿಗೆ ಹೋಗಿ. “ಅಡುಗೆ ಕೋಣೆ ಸೋರುತ್ತದೆ” ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಎಷ್ಟು ಹಂಚು ಒಡೆದಿದೆ, ಮಾಡಿನ ಎಷ್ಟು ಪಕ್ಕಾಸು ಕುಂಬಾಗಿ ಹಾಳಾಗಿದೆ, ಕೋಣೆಯ ಉದ್ದಗಲ ಎಷ್ಟು ಎಂದು ಬರೆದು, ಫೋಟೋ ಅಂಟಿಸಿ ಕೊಡಿ. ಮಿನಿಟ್ಸ್ ಪುಸ್ತಕದಲ್ಲಿ ಬರೆದದ್ದನ್ನು ಓದಿ ನೋಡಿಯೇ ಎದ್ದು ಬನ್ನಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಜಾಸ್ತಿ ಜನ ಇದನ್ನು ಬಳಸುವುದೇ ಇಲ್ಲ. ನನಗೆ ತುಂಬ ಬೇಸರದ ಸಂಗತಿ ಇದು.

ಇನ್ನು ವ್ಯಾನ್ ಹತ್ತುವವರ ವಿಷಯ. ಅವರ ಹತ್ತಿರ ವಾದಕ್ಕೆ ಇಳಿಯಬೇಡಿ. ಕನ್ನಡಾಭಿಮಾನದ ಭಾಷಣವೂ ಬೇಡ. ಕಾರಣ ಕೇಳಿ, ಆ ಅಗಲದ ಕಾಲಂನಲ್ಲಿ ಬರೆಯಿರಿ. ನಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಬರಬೇಕು ಎಂದವರು ಐದು ಮನೆ. ಕನ್ನಡ ಪುಸ್ತಕ ತಡವಾಗುತ್ತದೆ ಎಂದವರು ಮೂರು ಮನೆ. ಕನ್ನಡ ಬಾರದ ಟೀಚರ್ ಬಂದರೆ ಮಗುವಿನ ಗತಿ ಏನು ಎಂದವರು ಇಬ್ಬರು. ಮಳೆಗಾಲದಲ್ಲಿ ತೋಡು ದಾಟಿಸಲು ಜನ ಇಲ್ಲ ಎಂದವರು ನಾಲ್ಕು ಮನೆ. ಮೊದಲಿನ ಮೂರೂ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಹೆಡ್‌ಮಾಷ್ಟ್ರಿಗೂ ಎಇಒಗೂ ಬರೆದುಕೊಟ್ಟು ಬೆನ್ನು ಹತ್ತಬೇಕಷ್ಟೇ. ತೋಡಿನದ್ದು ನಮ್ಮ ಕೈಯಲ್ಲೇ ಇತ್ತು. ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಇಬ್ಬರು ಬೆಳಿಗ್ಗೆ ಒಂಬತ್ತೂಕಾಲಕ್ಕೆ ತೋಡಿನ ಸಂಕದ (ಕಾಲುಸೇತುವೆಯ) ಹತ್ತಿರ ನಿಲ್ಲಲು ಒಪ್ಪಿದರು. ಆ ನಾಲ್ಕೂ ಮನೆಯವರು ಬರುತ್ತೇವೆ ಎಂದಿದ್ದಾರೆ.

ಆರನೇ ದಿನ ಸಂಜೆ ತರಗತಿವಾರು ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ, ಫೆಬ್ರವರಿಯ ಅಂದಾಜಿನ ಪಕ್ಕದಲ್ಲೇ. ಕಡಿಮೆ ಬಂದರೂ ಬರೆಯಿರಿ. ಗ್ರಾಂಟಿನ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿ ಆಫೀಸಿನ ಬಾಗಿಲ ಹತ್ತಿರ ಇಡಿ. ಮಗುವನ್ನು ಕರೆದುಕೊಂಡು ಹೋಗಲು ಬಂದವರು ನಿಂತಲ್ಲೇ ತಿರುವಿ ನೋಡುವಂತಿರಲಿ.