ಫೋನ್ ಇಟ್ಟ ಮೇಲೆ ಶುರುವಾಗುವ ಕೆಲಸ

ಯಾವುದೇ ಸಹಾಯವಾಣಿಯ ಪರಿಶೀಲನಾ ಸಭೆಗೆ ಹೋಗಿ, ಗೋಡೆಯ ಪರದೆಯ ಮೇಲೆ ಮೊದಲು ಕಾಣುವುದು ಎರಡು ಅಂಕಿ. ಕರೆಯನ್ನು ಎಷ್ಟು ಸೆಕೆಂಡಿನಲ್ಲಿ ಎತ್ತಿದರು, ಎಷ್ಟು ನಿಮಿಷದಲ್ಲಿ ಮುಗಿಸಿದರು. ನೂರರಲ್ಲಿ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಎಂಬುದು ಕಾಲ್ ಸೆಂಟರ್ ಉದ್ಯಮದ ಹಳೆಯ ರೂಢಿ. ಎಟಿಎಂ ಕಾರ್ಡ್ ಕಳೆದುಕೊಂಡವರಿಗೆ ಆ ಅಳತೆ ಸಾಕು. ವಿಧವಾ ವೇತನ ನಿಂತುಹೋದ ಹೆಂಗಸಿನ ಕರೆಯನ್ನು ಕೂಡಲೇ ಎತ್ತಿ, ‘ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಿ’ ಎಂದು ಹೇಳಿ ಇಟ್ಟರೆ ಎರಡೂ ಅಂಕಿಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಆಕೆಗೆ ಸಿಕ್ಕಿದ್ದೇನು? ತಾಲ್ಲೂಕು ಕಚೇರಿಯ ದಾರಿ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿಗೆ ಅಲೆದು ಸಾಕಾದ ಮೇಲೆಯೇ ನಮಗೆ ಫೋನ್ ಮಾಡಿರುತ್ತಾಳೆ.

ಆರೋಗ್ಯ ಮತ್ತು ಸಾಮಾಜಿಕ ಸೇವೆಗಳ ಮಾಹಿತಿ ಕೊಡುವ ರಾಜ್ಯ ಮಟ್ಟದ ಸಹಾಯವಾಣಿಯೊಂದರಲ್ಲಿ ಮಾಹಿತಿ ವಿಭಾಗದ ಹೊಣೆ ನನ್ನ ಮೇಲೆ ಬಿದ್ದಾಗ, ಎಲ್ಲರೂ ಕೇಳುತ್ತಿದ್ದುದು ಹೊಸ ಸಾಫ್ಟ್‌ವೇರ್ ಯಾವಾಗ ಬರುತ್ತದೆ ಎಂದು. ನಾನು ಹಿಡಿದುಕೊಂಡದ್ದು ಹಳೆಯ ವಿಳಾಸಪಟ್ಟಿಯನ್ನು. ಕರೆ ಸ್ವೀಕರಿಸುವವರು ಎಷ್ಟೇ ಸಹನೆಯಿಂದ ಮಾತನಾಡಲಿ, ಅವರ ಪರದೆಯ ಮೇಲಿರುವ ಮಾಹಿತಿ ಸುಳ್ಳಾದರೆ ಆ ಸಹನೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಪಟ್ಟಿ ಇಲಾಖೆಗಳ ಕ್ರಮದಲ್ಲಿತ್ತು: ಕಂದಾಯ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ. ಕಷ್ಟ ಇಲಾಖೆಗಳನ್ನು ಕೇಳಿಕೊಂಡು ಬರುವುದಿಲ್ಲ. ಲಕ್ವ ಹೊಡೆದು ಒಂದು ಕೈ, ಒಂದು ಕಾಲಿನ ಸ್ವಾಧೀನ ಕಳೆದುಕೊಂಡ ಮನುಷ್ಯನ ಮನೆಯಿಂದ ಕರೆ ಬಂತು ಎಂದುಕೊಳ್ಳಿ. ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಮತ್ತು ವೈದ್ಯರ ತಪಾಸಣೆ. ಮಾಸಾಶನಕ್ಕೆ ನಾಡಕಚೇರಿ, ಅಂದರೆ ಕಂದಾಯ ಇಲಾಖೆ. ಗಾಲಿಕುರ್ಚಿಗೆ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ನೋಡಿಕೊಳ್ಳುವ ಹೆಂಡತಿ ನಿದ್ದೆಗೆಟ್ಟು ಕುಸಿಯುತ್ತಿದ್ದರೆ ಅವರಿಗೆ 14416, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. ಆಯಾ ಕೆಲಸಕ್ಕೆ ಆಯಾ ಸಂಖ್ಯೆ ಇದೆ ನಿಜ: ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104, ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಕಾನೂನು ನೆರವಿಗೆ 15100. ಇಷ್ಟನ್ನೂ ನೆನಪಿಟ್ಟುಕೊಳ್ಳುವ ಶಕ್ತಿ ಇರುವವರಿಗೆ ಸಹಾಯವಾಣಿಯ ಅಗತ್ಯವೇ ಇರುವುದಿಲ್ಲ.

ಹಾಗಾಗಿ ಪಟ್ಟಿಯನ್ನು ಬಿಚ್ಚಿ ಸನ್ನಿವೇಶಗಳ ಮೇಲೆ ಮತ್ತೆ ಕಟ್ಟಿದೆವು. ಮನೆಯ ದುಡಿಯುವ ವ್ಯಕ್ತಿ ಹಾಸಿಗೆ ಹಿಡಿದಿದ್ದಾರೆ, ಗಂಡ ತೀರಿಹೋಗಿದ್ದಾರೆ, ಮಗು ಶಾಲೆ ಬಿಟ್ಟಿದೆ, ಮಾಸಾಶನ ಬರುತ್ತಿತ್ತು, ನಿಂತಿದೆ. ಒಂದು ಸನ್ನಿವೇಶ ತೆರೆದರೆ ಅದಕ್ಕೆ ಸಂಬಂಧಪಟ್ಟ ಎಲ್ಲ ಇಲಾಖೆಗಳ ಸೇವೆಗಳೂ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮದಲ್ಲಿ ಬರಬೇಕು. ಈ ಕ್ರಮ ಬಹಳ ಮುಖ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಸೌಲಭ್ಯವಿಲ್ಲದಿದ್ದರೆ ರೆಫರಲ್ ಪಡೆದು ಬೇರೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೇಳದೆ ಖಾಸಗಿ ಆಸ್ಪತ್ರೆಯ ಹೆಸರು ಮಾತ್ರ ಕೊಟ್ಟರೆ ಕುಟುಂಬ ಸಾಲಕ್ಕೆ ಬೀಳುತ್ತದೆ. ಹುಡುಕುವ ಪದಗಳನ್ನೂ ಕರೆ ಮಾಡುವವರ ಬಾಯಿಂದಲೇ ತೆಗೆದುಕೊಂಡೆವು. ಉತ್ತರ ಕರ್ನಾಟಕದ ಅಜ್ಜಿ ‘ಪಗಾರ ಬಂದಿಲ್ಲ’ ಎಂದರೆ ವೃದ್ಧಾಪ್ಯ ಪಿಂಚಣಿಯ ಸಂಧ್ಯಾ ಸುರಕ್ಷಾ ತೆರೆದುಕೊಳ್ಳಬೇಕೇ ಹೊರತು, ‘ಯಾವ ಯೋಜನೆಯಮ್ಮಾ?’ ಎಂಬ ಪ್ರಶ್ನೆ ಹೊರಡಬಾರದು. ಪಿಂಚಣಿ ಯೋಜನೆಯ ಅಧಿಕೃತ ಹೆಸರು ಹೇಳುವ ಹೊಣೆ ಅಜ್ಜಿಯದಲ್ಲ.

ಪಟ್ಟಿಯಲ್ಲಿ ವಿಳಾಸವಿತ್ತು, ವಾರ ಇರಲಿಲ್ಲ. ಇದನ್ನು ಬಿಡಿಸಿ ಹೇಳಬೇಕು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ‘ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ’ ಎಂದಷ್ಟೇ ಹೇಳಿದರೆ ಜನ ಗುರುವಾರ ಹೋಗುತ್ತಾರೆ. ಒಲ್ಲೆನೆಂದ ಮಗನನ್ನು ಎಷ್ಟೋ ಪಾಡು ಪಟ್ಟು ಕರೆದುಕೊಂಡು ಹೋದ ತಾಯಿ ಬರಿಗೈಯಲ್ಲಿ ವಾಪಸಾದರೆ, ಆ ಮಗ ಎರಡನೇ ಸಲ ಮನೆಯ ಹೊಸ್ತಿಲು ದಾಟುವುದು ಕಷ್ಟ. ಅಂಗವೈಕಲ್ಯ ತಪಾಸಣೆಗೂ ಎಷ್ಟೋ ಕಡೆ ನಿಗದಿತ ದಿನಗಳಿರುತ್ತವೆ. ಪ್ರತಿ ನಮೂದಿಗೂ ವಾರ, ಹೊತ್ತು, ತರಬೇಕಾದ ಕಾಗದಗಳು, ಮೂಲಪ್ರತಿ ಬೇಕೋ ನಕಲು ಸಾಕೋ ಎಂಬ ನಾಲ್ಕು ಕಡ್ಡಾಯ ಕಾಲಂಗಳನ್ನು ಸೇರಿಸಿದೆವು. ನನ್ನನ್ನು ಕೇಳಿದರೆ ನಾವು ಮಾಡಿದ್ದರಲ್ಲಿ ಅತಿ ಅಗ್ಗದ, ಅತಿ ಫಲ ಕೊಟ್ಟ ಕೆಲಸ ಇದೇ.

ಇನ್ನೊಂದು ತೊಡಕು ಭೂಪಟದ್ದು. 2017ರ ಬಜೆಟ್‌ನಲ್ಲಿ ಘೋಷಣೆಯಾಗಿ ಆಮೇಲೆ ಹೊಸ ತಾಲ್ಲೂಕುಗಳು ಹುಟ್ಟಿದವು. ಯಲಬುರ್ಗಾದಿಂದ ಕುಕನೂರು ಬೇರೆಯಾಯಿತು, ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ ಬೇರೆಯಾದವು. ಹೊಸ ತಾಲ್ಲೂಕು ಆದೊಡನೆ ಅಲ್ಲಿ ಎಲ್ಲ ಇಲಾಖೆಗಳ ಕಚೇರಿಗಳೂ ಬಾಗಿಲು ತೆರೆದುಬಿಡುವುದಿಲ್ಲ. ತಹಶೀಲ್ದಾರರು ಹೊಸ ಊರಿನಲ್ಲಿ, ಬೇರೊಂದು ಇಲಾಖೆಯವರು ಹಳೆಯ ಊರಿನಲ್ಲಿ ಎಂಬ ಸ್ಥಿತಿ ರಾಜ್ಯದಲ್ಲಿ ಎಷ್ಟೋ ವರ್ಷ ನಡೆಯುತ್ತದೆ. ಆದ್ದರಿಂದ ‘ನಿಮ್ಮ ತಾಲ್ಲೂಕು ಯಾವುದು?’ ಎಂದು ಕೇಳುವುದನ್ನು ಬಿಟ್ಟು ಗ್ರಾಮ ಪಂಚಾಯಿತಿ ಕೇಳತೊಡಗಿದೆವು. ಪಂಚಾಯಿತಿ ಗೊತ್ತಾದರೆ ಯಾವ ಸೇವೆಗೆ ಯಾವ ಊರು ಎಂಬುದನ್ನು ಪಟ್ಟಿಯೇ ಹೇಳುತ್ತದೆ.

ಅಮೆರಿಕದಲ್ಲಿ ಇಂಥದೇ ಕೆಲಸಕ್ಕೆ 211 ಎಂಬ ಸಂಖ್ಯೆ ಇದೆ. 1997ರಲ್ಲಿ ಅಟ್ಲಾಂಟಾದಲ್ಲಿ ಶುರುವಾಗಿ 2000ದಲ್ಲಿ ಇಡೀ ದೇಶಕ್ಕೆ ಮೀಸಲಾದ ಸಂಖ್ಯೆ ಅದು. ಆ ಕ್ಷೇತ್ರದ ಮಾನದಂಡ, ಪ್ರತಿ ನಮೂದನ್ನೂ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು ಎನ್ನುತ್ತದೆ. ನಮಗೆ ವರ್ಷಕ್ಕೊಮ್ಮೆ ಸಾಲದು. ಮೇ–ಜೂನ್ ತಿಂಗಳ ವರ್ಗಾವಣೆ ಮುಗಿಯುವಷ್ಟರಲ್ಲಿ ಅರ್ಧ ಪಟ್ಟಿ ಹಳಸಿರುತ್ತದೆ. ಅಧಿಕಾರಿಗಳ ಹೆಸರು, ಸ್ವಂತ ಮೊಬೈಲ್ ಸಂಖ್ಯೆಗಳನ್ನು ಪೂರ್ತಿ ತೆಗೆದುಹಾಕಿ ಹುದ್ದೆ ಮತ್ತು ಕಚೇರಿಯ ಸಂಖ್ಯೆಯನ್ನು ಮಾತ್ರ ಉಳಿಸಿದೆವು. ದೊಡ್ಡ ಪರಿಶೀಲನೆಯನ್ನು ಜುಲೈಗೆ ಇಟ್ಟುಕೊಂಡೆವು. ಪರಿಶೀಲನೆ ಎಂದರೆ ಇಲಾಖೆಗೆ ಪತ್ರ ಬರೆದು ಉತ್ತರ ಕಾಯುವುದಲ್ಲ. ನಮ್ಮವರೇ ಸಾಮಾನ್ಯ ನಾಗರಿಕರಂತೆ ಆ ಸಂಖ್ಯೆಗೆ ಕರೆ ಮಾಡುವುದು, ಅದೂ ಬೆಳಿಗ್ಗೆ ಒಮ್ಮೆ, ಸಂಜೆ ಕಚೇರಿ ಮುಚ್ಚುವ ಮುನ್ನ ಒಮ್ಮೆ. ಯಾರೂ ಎತ್ತದ ಸಂಖ್ಯೆಯನ್ನು ‘ಅಧಿಕೃತ’ ಎಂಬ ಒಂದೇ ಕಾರಣಕ್ಕೆ ಪಟ್ಟಿಯಲ್ಲಿ ಇಟ್ಟುಕೊಳ್ಳುವುದರಲ್ಲಿ ನನಗೆ ನಂಬಿಕೆ ಇಲ್ಲ.

ನಿಂತುಹೋದ ಮಾಸಾಶನದ ಕರೆಗಳು ಬೇರೆಯದೇ ಪಾಠ ಕಲಿಸಿದವು. ಇವುಗಳಲ್ಲಿ ಎಷ್ಟೋ ಸಲ ಹಣ ನಿಂತಿರುವುದಿಲ್ಲ, ದಾರಿ ತಪ್ಪಿರುತ್ತದೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿನ ಖಾತೆಗೆ. ಮಗಳ ಊರಿನಲ್ಲಿ ಇನ್ನಾವುದೋ ಕೆಲಸಕ್ಕೆ ಹೊಸ ಖಾತೆ ತೆರೆದ ಅಜ್ಜನಿಗೆ ಅದು ಗೊತ್ತಿರುವುದಿಲ್ಲ. ಅವರು ತಿಂಗಳುಗಟ್ಟಲೆ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಹೋಗುತ್ತಿರುತ್ತಾರೆ. ಈಗ ನಮ್ಮ ಸಿಬ್ಬಂದಿ ಕೇಳುವ ಮೊದಲ ಪ್ರಶ್ನೆ, ಇತ್ತೀಚೆಗೆ ಬೇರೆ ಯಾವುದಾದರೂ ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ತೆರೆದಿದ್ದೀರಾ ಎಂಬುದು. ಎಷ್ಟೋ ಅರ್ಜಿಗಳು ಆ ಒಂದು ಪ್ರಶ್ನೆಯಲ್ಲೇ ಮುಗಿಯುತ್ತವೆ. ಅದಾದ ಮೇಲೂ ಉಳಿದರೆ ಜೀವಂತ ಇದ್ದಾರೆಂಬ ಪರಿಶೀಲನೆ, ಹೆಸರಿನ ಕಾಗುಣಿತ, ವಯಸ್ಸಿನ ದಾಖಲೆ.

ಇಷ್ಟೆಲ್ಲ ಮಾಡಿಯೂ, ಕರೆ ಮಾಡಿದವರಿಗೆ ಸೇವೆ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ. ಅದಕ್ಕೇ ಮರುಕರೆ ಶುರು ಮಾಡಿದೆವು. ನಿರೀಕ್ಷಿಸಿದಂತೆಯೇ ವಿರೋಧ ಬಂತು: ಒಳಬರುವ ಕರೆಗಳಿಗೇ ಜನ ಸಾಲದಿರುವಾಗ ಹೊರಹೋಗುವ ಕರೆ ಯಾರು ಮಾಡುವುದು? ಮಾಸಾಶನ, ಅಂಗವೈಕಲ್ಯ, ಶಸ್ತ್ರಚಿಕಿತ್ಸೆ, ಈ ಮೂರಕ್ಕೆ ಮಾತ್ರ ಎಂದು ಒಪ್ಪಿಸಿದೆ. ಉತ್ತರವನ್ನು ನಾಲ್ಕೇ ಬಗೆಯಲ್ಲಿ ಬರೆದುಕೊಳ್ಳುತ್ತೇವೆ. ಸಿಕ್ಕಿತು. ಅರ್ಹತೆ ಇಲ್ಲ. ಹೋಗಲಿಲ್ಲ. ಹೋಗಿ ವಾಪಸ್ ಬಂದರು. ಈ ಕೊನೆಯದು ಚಿನ್ನ. ಏಕೆ ವಾಪಸ್ ಬಂದರು ಎಂಬುದನ್ನು ತಾಲ್ಲೂಕುವಾರು ಜೋಡಿಸಿದಾಗ, ಒಂದೇ ಕಚೇರಿ ಆದೇಶದಲ್ಲಿಲ್ಲದ ಕಾಗದವನ್ನು ಮತ್ತೆ ಮತ್ತೆ ಕೇಳುತ್ತಿರುವುದು ಕಣ್ಣಿಗೆ ಕಾಣುತ್ತದೆ. ಅಂಥದನ್ನು ದೂರು ಎಂದು ಕಳುಹಿಸಿದರೆ ಜಗಳ, ‘ಈ ತಿಂಗಳು ನಿಮ್ಮಲ್ಲಿಂದ ವಾಪಸಾದವರು’ ಎಂಬ ಪಟ್ಟಿಯಾಗಿ ಜಿಲ್ಲಾ ಮಟ್ಟಕ್ಕೆ ಕಳುಹಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಸರ್ಕಾರಿ ಕಚೇರಿಗಳಿಗೆ ಅಂಕಿಗಳ ಭಾಷೆ ಅರ್ಥವಾಗುತ್ತದೆ, ಅದನ್ನು ಏಕೆ ಬಳಸಬಾರದು?

ಮರುಕರೆಗೆ ಒಂದು ಕಟ್ಟುನಿಟ್ಟಾದ ಅಪವಾದ ಇದೆ. ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರಿಗೆ, ಅವರೇ ಹೇಳಿದ ಹೊತ್ತಿನಲ್ಲಿ, ಅವರೇ ಕೊಟ್ಟ ಸಂಖ್ಯೆಗೆ ಹೊರತು ನಾವು ಕರೆ ಮಾಡುವುದಿಲ್ಲ. ಹಳ್ಳಿಗಳಲ್ಲಿ ಫೋನ್ ಒಬ್ಬರದಾಗಿರುವುದಿಲ್ಲ, ಮನೆಯದಾಗಿರುತ್ತದೆ. ‘ನಿಮ್ಮ ಸಮಸ್ಯೆ ಪರಿಹಾರವಾಯಿತೇ?’ ಎಂಬ ಸಂದೇಶವನ್ನು ಗಂಡ ಓದಿದರೆ ಆಗುವ ಅನಾಹುತಕ್ಕೆ ಯಾವ ಸಮೀಕ್ಷೆಯೂ ಬೆಲೆ ಕಟ್ಟಲಾರದು. ತಾನಾಗಿಯೇ ಹೋಗುವ ಎಸ್‌ಎಂಎಸ್‌ಗಳನ್ನು ಈ ವರ್ಗಕ್ಕೆ ನಿಲ್ಲಿಸಿದ್ದೇವೆ. ಇಂಥವರಿಗೆ 181ರ ಸಂಖ್ಯೆ ಹೇಳಿ ಕೈ ತೊಳೆದುಕೊಳ್ಳುವುದೂ ಇಲ್ಲ. ಅವರು ಲೈನಿನಲ್ಲಿರುವಾಗಲೇ ಆ ಕಡೆಯವರನ್ನು ಸೇರಿಸಿ, ವಿಷಯವನ್ನು ನಾವೇ ಒಂದು ಸಲ ಹೇಳಿ, ಮಾತು ಶುರುವಾದ ಮೇಲೆ ಹಿಂದೆ ಸರಿಯುತ್ತೇವೆ. ಟೆಲಿ ಮಾನಸ್‌ಗೂ ಹಾಗೆಯೇ. ಇದರಿಂದ ಕರೆಯ ಸರಾಸರಿ ಅವಧಿ ಹೆಚ್ಚಾಯಿತು, ಸಭೆಯಲ್ಲಿ ಆ ಅಂಕಿ ಕೆಂಪಾಯಿತು. ಕೆಂಪಾದರೆ ಆಗಲಿ ಎಂದುಕೊಂಡು ಅದರ ಪಕ್ಕದಲ್ಲೇ ‘ಸೇವೆ ಸಿಕ್ಕಿತು’ ಎಂಬ ಮೂರನೆಯ ಅಂಕಿ ಇರಿಸಿದೆ. ಈಗ ಚರ್ಚೆ ಅಲ್ಲಿಂದ ಆರಂಭವಾಗುತ್ತದೆ.

ಸದ್ಯ ಕೈಯಲ್ಲಿರುವ ಕೆಲಸ ಪಟ್ಟಿಯನ್ನು ಊರಿಗೆ ಮರಳಿಸುವುದು. ಪಂಚಾಯಿತಿಗೊಂದು ಪುಟದಂತೆ ಮುದ್ರಿಸಿ ಆಶಾ ಕಾರ್ಯಕರ್ತೆಯರಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಕೊಡುತ್ತಿದ್ದೇವೆ, ತಪ್ಪು ಕಂಡಲ್ಲಿ ಪೆನ್ನಿನಲ್ಲಿ ಗೀಚಿ ಫೋಟೊ ಕಳುಹಿಸಿ ಎಂದು. ಇಲಾಖೆಯ ಸುತ್ತೋಲೆಗಿಂತ ಮೊದಲೇ ಅವರಿಂದ ತಿದ್ದುಪಡಿ ಬರುತ್ತಿದೆ. ಕಿವಿ ಕೇಳಿಸದವರಿಗೆ ಮಾತ್ರ ಇನ್ನೂ ಸರಿಯಾದ ದಾರಿ ಮಾಡಿಲ್ಲ. ವಿಡಿಯೊ ಕರೆಯಲ್ಲಿ ಸಂಜ್ಞೆ ಭಾಷೆ ಬಲ್ಲವರನ್ನು ಕೂರಿಸುವ ಪ್ರಸ್ತಾವನೆ ಮೇಜಿನ ಮೇಲಿದೆ, ಹುದ್ದೆ ಮಂಜೂರಾಗಬೇಕು.